ಹುಲಿಕಟ್ಟೆಪುರದ ಮುಂಗಡ

ಹುಲಿಕಟ್ಟೆಪುರಕ್ಕೆ ಹುಲಿ ಬಂದದ್ದನ್ನು ಕಂಡವರಿಲ್ಲ. ಕಟ್ಟೆ ಒಡೆದು ಇಪ್ಪತ್ತು ವರ್ಷವಾಗಿತ್ತು. ಪುರ ಎನ್ನುವುದಕ್ಕೆ ಮಾತ್ರ ಒಂದು ಆಧಾರವಿತ್ತು: ಬಸ್ಸು ನಿಲ್ಲುವ ಹುಣಿಸೆಮರದ ಎದುರಿಗೆ, ಹೆಂಚು ಹೊದಿಸಿದ ಟೌನ್ ಪಂಚಾಯಿತಿ ಆಫೀಸು. ಊರು ಗುಬ್ಬಿಗೂ ಕುಣಿಗಲ್ಲಿಗೂ ನಡುವೆ ಎಲ್ಲೋ ಇತ್ತು. ಕಂದಾಯ ಕೇಳಲು ಗುಬ್ಬಿಯಿಂದ ಬಂದವರಿಗೆ ಕುಣಿಗಲ್ಲಿನ ದಿಕ್ಕನ್ನೂ, ಕುಣಿಗಲ್ಲಿನಿಂದ ಬಂದವರಿಗೆ ಗುಬ್ಬಿಯ ದಿಕ್ಕನ್ನೂ ತೋರಿಸಿ ಅದು ಹೇಗೋ ಬದುಕಿಕೊಂಡಿತ್ತು.

ಈ ಆಫೀಸಿನ ಗುಮಾಸ್ತ ಸುಬ್ಬಕೃಷ್ಣ. ವಯಸ್ಸು ಇಪ್ಪತ್ತಾರು, ಊರು ತುಮಕೂರು, ಕೆಲಸ ಹಂಗಾಮಿ. ಕೊನೆಯ ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು, ಏಕೆಂದರೆ ಸುಬ್ಬಕೃಷ್ಣನ ಮಾವ ವೆಂಕಟರಂಗಯ್ಯನವರು ಅದನ್ನು ಒಂದು ಗಳಿಗೆಯೂ ಮರೆತವರಲ್ಲ. ಶೇಕ್ದಾರರಾಗಿದ್ದು ನಿವೃತ್ತರಾಗಿ, ತುಮಕೂರಿನ ಶಿರಾ ಗೇಟಿನ ಹತ್ತಿರ ಮನೆ ಕಟ್ಟಿಸಿಕೊಂಡಿದ್ದ ಅವರು ಮಗಳು ಶಾರದೆಯನ್ನು ಸುಬ್ಬಕೃಷ್ಣನಿಗೆ ಧಾರೆ ಎರೆದುಕೊಟ್ಟು ಒಂದೂವರೆ ವರ್ಷವಾಗಿತ್ತು. ಧಾರೆ ಎರೆದರೇ ಹೊರತು ಕಳಿಸಿಕೊಡಲಿಲ್ಲ. ಕೆಲಸ ಖಾಯಂ ಆಗಲಿ, ಆಮೇಲೆ ಹುಡುಗಿ ಬರುತ್ತಾಳೆ ಎಂದರು. ಹಂಗಾಮಿ ಗುಮಾಸ್ತನಿಗೆ ಆ ಮನೆಯಲ್ಲಿ ಹಂಗಾಮಿ ಅಳಿಯನ ಮರ್ಯಾದೆಯೇ ನಡೆಯುತ್ತಿತ್ತು. ಹಬ್ಬಕ್ಕೆ ಹೋದರೆ ಎಲೆ ಹಾಕುತ್ತಿದ್ದರು, ಮಣೆ ಹಾಕುತ್ತಿರಲಿಲ್ಲ. ಶಾರದೆಗೂ ಅವನಿಗೂ ನಡುವೆ ತಿಂಗಳಿಗೆರಡು ಕಾರ್ಡು ಓಡಾಡುತ್ತಿದ್ದವು. ಕಾರ್ಡಾದ್ದರಿಂದ ಅದನ್ನು ಮೊದಲು ಮಾವನವರು ಓದುತ್ತಿದ್ದರು. ಹಾಗಾಗಿ ಗಂಡಹೆಂಡಿರ ಪ್ರೇಮವೆಲ್ಲ ಹವಾಮಾನದ ವರ್ಣನೆಯಲ್ಲೇ ಮುಗಿಯುತ್ತಿತ್ತು.

ಸಾವಿರದ ಒಂಬೈನೂರ ಅರವತ್ತನಾಲ್ಕನೇ ಇಸವಿಯ ಫೆಬ್ರವರಿಯಲ್ಲಿ ತುಮಕೂರಿನಿಂದ ಒಂದು ಸುತ್ತೋಲೆ ಬಂತು. ಪಂಚಾಯಿತಿಯ ಬಜೆಟ್ಟನ್ನು ಇನ್ನು ಮುಂದೆ ಇಂಗ್ಲಿಷಿನಲ್ಲಿ ಬರೆದು ಬೀರುವಿನಲ್ಲಿ ಇಡಕೂಡದು. ಜನಸಾಮಾನ್ಯರಿಗೆ ತಿಳಿಯುವ ಸರಳ ಕನ್ನಡದಲ್ಲಿ ಬರೆದು, ಸಾರ್ವಜನಿಕರ ಅವಲೋಕನಕ್ಕೆ ಒಂದು ವಾರ ತೆರೆದಿಡತಕ್ಕದ್ದು. ನೋಡಿದವರಿಂದ ಪುಸ್ತಕದಲ್ಲಿ ರುಜು ಪಡೆಯತಕ್ಕದ್ದು. ರುಜುಗಳು ಇಪ್ಪತ್ತೈದಕ್ಕೆ ಕಡಿಮೆ ಇರಕೂಡದು. ತನಿಖೆಗೆ ಸಾಹೇಬರು ಖುದ್ದಾಗಿ ಬರುತ್ತಾರೆ.

ಹಾಗೆ ನೋಡಿದರೆ ಹುಲಿಕಟ್ಟೆಪುರದವರು ಹಿಂದಿನ ವರ್ಷವೂ ಬಜೆಟ್ಟನ್ನು ಜಗುಲಿಯಲ್ಲಿ ಒಂದು ಸ್ಟೂಲಿನ ಮೇಲೆ ಇಟ್ಟಿದ್ದರು. ಆ ವಾರ ಸಾರ್ವಜನಿಕರ ಪೈಕಿ ಒಂದು ಮೇಕೆ ಮಾತ್ರ ಬಂದು, ಎರಡನೇ ಪುಟವನ್ನು ಪೂರ್ತಿಯಾಗಿ ಅವಲೋಕಿಸಿ ಹೋಯಿತು. ಅದರಿಂದ ರುಜು ಪಡೆಯಲಾಗಲಿಲ್ಲ.

ಚೇರ್ಮನ್ ವೀರಭದ್ರಯ್ಯನವರು ಸುತ್ತೋಲೆಯನ್ನು ಸುಬ್ಬಕೃಷ್ಣನ ಮೇಜಿನ ಮೇಲಿಟ್ಟರು. ಅವರು ಕೊಬ್ಬರಿ ಮಂಡಿಯ ಯಜಮಾನರು. ನಾಲ್ಕು ಮಾತಿನಲ್ಲಿ ಆಗುವ ಕೆಲಸಕ್ಕೆ ಐದನೆಯದನ್ನು ಖರ್ಚು ಮಾಡುವವರಲ್ಲ.

"ಇಪ್ಪತ್ತೈದು ರುಜು ಬೇಕು ಕಣಯ್ಯ. ನಿನ್ನ ಖಾಯಂ ಫೈಲೂ ಅದೇ ಸಾಹೇಬ್ರ ಹತ್ರ ಐತೆ."

ಬೇರೆ ಯಾರಾದರೂ ಆಗಿದ್ದರೆ ಎದುರಿನ ಇಡ್ಲಿ ಅಂಗಡಿಗೆ ಹೋಗಿ, ಇಪ್ಪತ್ತೈದು ಜನಕ್ಕೆ ಕಾಫಿ ಕುಡಿಸಿ ರುಜು ಹಾಕಿಸಿಕೊಂಡು ಬರುತ್ತಿದ್ದರು. ಆದರೆ ಸುಬ್ಬಕೃಷ್ಣನಿಗೆ ಒಂದು ದೌರ್ಬಲ್ಯವಿತ್ತು. ಅವನು ಇಂಟರ್‌ಮೀಡಿಯೆಟ್‌ನಲ್ಲಿ ಕನ್ನಡಕ್ಕೆ ಬಹುಮಾನ ಗಳಿಸಿದ್ದ. ಸುತ್ತೋಲೆಯಲ್ಲಿ 'ಸರಳ ಕನ್ನಡ' ಎಂಬ ಮಾತನ್ನು ಓದಿದಾಗ, ಸರ್ಕಾರ ತನ್ನನ್ನೇ ಹೆಸರು ಹಿಡಿದು ಕರೆದಂತೆ ಅವನಿಗೆ ರೋಮಾಂಚನವಾಯಿತು. ಮೂರು ದಿನ ಕೂತು ಮೂರು ಪುಟದ ಬಜೆಟ್ಟನ್ನು ಅನುವಾದಿಸಿದ. ಅಂಕಿಗಳ ಕಡೆ ಅವನ ಗಮನವಿರಲಿಲ್ಲ. ದೀಪ ಎನ್ನುವುದೋ ಬೀದಿದೀಪ ಎನ್ನುವುದೋ ಎಂದು ಅರ್ಧ ದಿನ ಒದ್ದಾಡಿದನೇ ಹೊರತು ಆ ದೀಪಗಳು ಬೀದಿಯಲ್ಲಿ ಇವೆಯೋ ಇಲ್ಲವೋ ಎಂದು ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ.

ಕೊನೆಗೆ ಶೀರ್ಷಿಕೆ ಉಳಿಯಿತು. ಬಜೆಟ್ ಎಂದು ಬರೆಯುವುದು ಅವನ ಬಹುಮಾನಕ್ಕೆ ಅವಮಾನ. 'ಆಯವ್ಯಯ' ಎಂದು ಬರೆದು, ಜನಸಾಮಾನ್ಯರಿಗೆ ತಿಳಿಯುತ್ತದೆಯೋ ಎಂದು ಪರೀಕ್ಷಿಸಲು ಇಡ್ಲಿ ಅಂಗಡಿಯ ಲಕ್ಷ್ಮೀದೇವಮ್ಮನ ಹತ್ತಿರ ಹೋದ. ಅರವತ್ತು ದಾಟಿದ ಆಕೆ ಇಡೀ ಊರಿಗೆ ಇಡ್ಲಿಯನ್ನೂ ಅಭಿಪ್ರಾಯವನ್ನೂ ಒದಗಿಸುತ್ತಿದ್ದಳು. ಪಂಚಾಯಿತಿಯ ಆಯವ್ಯಯ ಸಿದ್ಧವಾಗಿದೆ ಎಂದು ಅವನು ಹೇಳಿದ್ದೇ ತಡ, ಆಕೆ ಕೈ ತೊಳೆದುಕೊಂಡು ಬಂದು ಎದುರಿಗೆ ಕೂತಳು.

"ನಂದು ಕುಂಭ ರಾಶಿ. ಈ ಸಲ ಆಯ ಎಷ್ಟೈತೆ, ವ್ಯಯ ಎಷ್ಟೈತೆ, ಬಿರ್ರನೆ ಹೇಳಪ್ಪ, ಇಡ್ಲಿ ಬೇಯ್ತಾ ಅವೆ."

ಯುಗಾದಿಯ ಪಂಚಾಂಗದಲ್ಲಿ ಪ್ರತಿ ರಾಶಿಗೂ ಆಯ ಇಷ್ಟು ವ್ಯಯ ಇಷ್ಟು ಎಂದು ಓದುತ್ತಾರೆಂಬುದನ್ನು ಸುಬ್ಬಕೃಷ್ಣ ಮರೆತಿದ್ದ. ಅವನು ಅವಮಾನದಿಂದ ಎದ್ದು ಬಂದು ಆ ಪದವನ್ನು ಹೊಡೆದುಹಾಕಿದ. ಸಂಜೆ ಬಸ್ಸಿನಲ್ಲಿ ಬಂದ ಪೇಪರಿನಲ್ಲಿ ಇನ್ನೊಂದು ಪದ ಸಿಕ್ಕಿತು: ಮುಂಗಡ ಪತ್ರ. ಸರಳ, ಸುಂದರ, ಅಚ್ಚ ಕನ್ನಡದ ಮೈಕಟ್ಟು. ಮೂರು ಹಾಳೆಗಳ ಮೇಲೂ ಅದನ್ನು ಗುಂಡಗೆ ಬರೆದ. ರುಜು ಪುಸ್ತಕದ ರಟ್ಟಿನ ಮೇಲೆ ಜಾಗ ಸಾಲದೆ 'ಮುಂಗಡ – ರುಜು' ಎಂದಷ್ಟೇ ಬರೆದ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಹುಲಿಕಟ್ಟೆಪುರದಲ್ಲಿ ಮುಂಗಡ ಎಂಬ ಮಾತಿಗೆ ತಾತನ ಕಾಲದಿಂದ ಒಂದೇ ಅರ್ಥ. ತೆಂಗಿನಕಾಯಿ ಇನ್ನೂ ಮರದ ಮೇಲಿರುವಾಗಲೇ ಮಂಡಿಯವರು ರೈತನಿಂದ ಪುಸ್ತಕದಲ್ಲಿ ರುಜು ಹಾಕಿಸಿಕೊಂಡು, ಎಂಜಲು ಹಚ್ಚಿ ಎಣಿಸಿ ಕೈಗೆ ಕೊಡುವ ನೋಟಿಗೆ ಮುಂಗಡ ಎನ್ನುತ್ತಾರೆ. ಮೊದಲು ರುಜು, ಆಮೇಲೆ ನೋಟು. ತುಮಕೂರಿನಿಂದ ಬಂದ ಸುಬ್ಬಕೃಷ್ಣನಿಗೆ ಇದು ಗೊತ್ತಿರಲಿಲ್ಲ. ಅವನ ಮನೆಯವರು ಎಂದೂ ಯಾರಿಂದಲೂ ಮುಂಗಡ ಪಡೆದವರಲ್ಲ. ಅವರಿಗೆ ತೆಂಗಿನಮರ ಒಂದೂ ಇರಲಿಲ್ಲ.

ಶನಿವಾರ ಸಂಜೆ ಡಂಗುರ ಸಾರುವ ಯಲ್ಲಯ್ಯನನ್ನು ಕರೆಸಿದ. ಯಲ್ಲಯ್ಯ ನಿಧಾನಿ. ಹೇಳಿದ್ದನ್ನು ಸಾರುವ ಮೊದಲು ತಾನು ತಿಳಿದುಕೊಳ್ಳಬೇಕೆನ್ನುವ ಜಾತಿಯವನು. ತಮಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಮುಂಗಡ ಪತ್ರ ಅಂದರೆ ಏನು ಸ್ವಾಮಿ ಎಂದು ಕೇಳಿದ.

"ಮುಂದಿನ ವರ್ಷದ ಹಣದ ವಿಚಾರ ಕಣಯ್ಯ. ಈಗಲೇ ಜನರ ಮುಂದೆ ಇಡ್ತಾ ಇದೀವಿ."

"ಮುಂದಿನ್ ವರ್ಸದ್ದು ಈಗ್ಲೇಯಾ?"

"ಈಗ್ಲೇ. ಅದೇ ಇದರ ವಿಶೇಷ."

"ಯಾರು ಬೇಕಾದ್ರೂ ಬರಬೋದಾ? ನಮ್ಮ ಕೇರಿಯೋರು?"

ಸುಬ್ಬಕೃಷ್ಣ ಎದೆಯುಬ್ಬಿಸಿ, ಬಡವ ಬಲ್ಲಿದ, ಆ ಕೇರಿ ಈ ಕೇರಿ ಎಂಬ ಭೇದವಿಲ್ಲ, ಇದು ಎಲ್ಲರ ಹಕ್ಕು, ಬಂದು ರುಜು ಹಾಕಿದರೆ ಸಾಕು ಎಂದ. ಯಲ್ಲಯ್ಯ ಅವನನ್ನು ಅಡಿಯಿಂದ ಮುಡಿಯವರೆಗೆ ಎರಡು ಸಲ ನೋಡಿದ. ಇಷ್ಟು ಒಳ್ಳೆಯ ಸರ್ಕಾರ ಯಾವಾಗ ಬಂತು ಎಂಬ ಅನುಮಾನ ಮುಖದಲ್ಲಿತ್ತು. ಆದರೆ ಗುಮಾಸ್ತರೇ ಹೇಳಿದ ಮೇಲೆ ಸಾರುವುದು ಅವನ ಕೆಲಸ.

ಮೊದಲ ಬೀದಿಯಲ್ಲಿ, "ಮುಂದಿನ ವರ್ಸದ ಮುಂಗಡ ಪತ್ರಾನ ಪಂಚಾಯ್ತಿ ಆಫೀಸ್ನಾಗೆ ಇಟ್ಟವ್ರೆ, ಸೋಮವಾರ ಬಂದು ನೋಡಿ ರುಜು ಹಾಕ್ಬೇಕ್ರಪ್ಪೋ" ಎಂದು ಶುದ್ಧವಾಗಿಯೇ ಸಾರಿದ. ಎರಡನೇ ಬೀದಿಗೆ ಬರುವ ವೇಳೆಗೆ ಗಂಟಲು ಒಣಗಿ 'ಪತ್ರ' ಬಿದ್ದುಹೋಯಿತು. ಮೂರನೇ ಬೀದಿಯಲ್ಲಿ 'ನೋಡಿ' ಹೋಯಿತು. ಊರ ಹೊರಗಿನ ಕೇರಿಗೆ ತಲುಪಿದ್ದು ಮೂರೇ ಮಾತು: ಸೋಮವಾರ, ಮುಂಗಡ, ರುಜು.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಸುಬ್ಬಕೃಷ್ಣ ಆಫೀಸಿನ ಬೀಗ ತೆಗೆಯಲು ಬಂದಾಗ ಹುಣಿಸೆಮರದವರೆಗೆ ಸಾಲು ನಿಂತಿತ್ತು. ಒಗೆದ ಪಂಚೆ ಉಟ್ಟವರು, ಹಣೆಗೆ ವಿಭೂತಿ ಬಳಿದವರು, ಸೊಸೆಯ ಹೆಗಲು ಹಿಡಿದು ಬಂದ ಮುದುಕರು. ಅವನ ಕಣ್ಣು ಮಂಜಾಯಿತು. ಪ್ರಜಾಪ್ರಭುತ್ವ ಎಂಬುದು ಶಾಲೆಯ ಪ್ರಬಂಧದಲ್ಲಿ ಮಾತ್ರ ಇರುವುದೆಂದು ತಿಳಿದಿದ್ದವನಿಗೆ ಅದು ಚಪ್ಪಲಿ ಕಳಚಿ ಒಳಗೆ ಬರುತ್ತಿರುವುದು ಕಂಡಿತು. ಒಬ್ಬೊಬ್ಬರಿಗೂ ಮೂರು ಹಾಳೆಗಳನ್ನು ತಿರುವಿ ತೋರಿಸಿದ. ಅವರು ಸಾಮಾನು ಕಟ್ಟಿದ ಕಾಗದ ನೋಡುವಂತೆ ಅದನ್ನು ನೋಡಿ, ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಅಚ್ಚುಕಟ್ಟಾಗಿ ರುಜು ಹಾಕಿ, ಹೋಗಿ ಮರದ ಕೆಳಗೆ ಕೂತರು. ಏನಾದರೂ ಪ್ರಶ್ನೆ ಇದೆಯೇ ಎಂದು ಇವನು ಕೇಳಿದರೆ, ಎಷ್ಟು ಹೊತ್ತಾಗ್ತದೆ ಎಂಬುದೊಂದೇ ಪ್ರಶ್ನೆ. ವಾರವಿಡೀ ಇರುತ್ತದೆ, ಅವಸರವಿಲ್ಲ ಎಂದ. ಅವರು ಮೆಚ್ಚಿ ತಲೆಯಾಡಿಸಿದರು.

ಒಂಬತ್ತು ಗಂಟೆಗೆ ರುಜು ಇಪ್ಪತ್ತೈದು ದಾಟಿತು. ಹತ್ತರ ಬಸ್ಸಿಗೆ ಗುಬ್ಬಿಯ ಕಡೆಯ ಹಳ್ಳಿಯವರು ಇಳಿದರು. ಹನ್ನೊಂದರ ಬಸ್ಸಿಗೆ ಕುಣಿಗಲ್ಲಿನ ಕಡೆಯವರು. ಊರ್ಡಿಗೆರೆಯಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಹಿರಿಯರು, ನಾನು ಈ ಊರಿನವನಲ್ಲ, ಆದರೂ ಹಾಕಬಹುದೇ ಎಂದು ಸಂಕೋಚದಿಂದ ಕೇಳಿದರು. ಸುಬ್ಬಕೃಷ್ಣ ತಾನೇ ಲೇಖನಿ ಮಸಿಯಲ್ಲಿ ಅದ್ದಿ ಕೊಟ್ಟ. ಮಧ್ಯಾಹ್ನಕ್ಕೆ ಇನ್ನೂರೈವತ್ತು. ತಡೆಯಲಾರದೆ ಮಾವನವರಿಗೆ ಒಂದು ಚೀಟಿ ಬರೆದು ತುಮಕೂರಿಗೆ ಹೋಗುವ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟ: 'ನನ್ನ ಮುಂಗಡ ಪತ್ರಕ್ಕೆ ಜನ ಮುಗಿಬಿದ್ದಿದ್ದಾರೆ. ನಾಳೆ ಸಾಹೇಬರು ಬರುತ್ತಾರೆ. ಕೆಲಸ ಖಾಯಂ ಆದಂತೆಯೇ. ತಾವು ಶಾರದೆಯನ್ನು ಕರೆತರಬಹುದು.'

ನಾಲ್ಕು ಗಂಟೆಗೆ ಮುನ್ನೂರ ಹನ್ನೆರಡನೆಯ ರುಜು ಬಿತ್ತು. ಅದು ಲಕ್ಷ್ಮೀದೇವಮ್ಮನ ಹೆಬ್ಬೆಟ್ಟು. ಆಕೆ ಬೆರಳನ್ನು ಗೋಡೆಗೆ ಒರೆಸಿ, ಹೊರಗೆ ಹೋಗದೆ ಅಲ್ಲೇ ನಿಂತಳು.

"ರುಜು ಆಯ್ತಲ್ಲಪ್ಪ. ಇನ್ನ ಕೊಡು ಮತ್ತೆ."

"ಏನು ಕೊಡಲಿ?"

"ಮುಂಗಡ."

ಸುಬ್ಬಕೃಷ್ಣ ನಗುತ್ತ ಮೂರು ಹಾಳೆಗಳನ್ನು ಕೊಟ್ಟ. ಆಕೆ ಹಾಳೆಗಳ ನಡುವೆ ಏನಾದರೂ ಸಿಕ್ಕಿಸಿದೆಯೋ ಎಂದು ಕೊಡವಿ ನೋಡಿದಳು. ಏನೂ ಬೀಳಲಿಲ್ಲ. ಆಗ ಆಕೆ ಕಿಟಕಿಯ ಹತ್ತಿರ ಹೋಗಿ, ಮರದ ಕೆಳಗೆ ಕೂತವರಿಗೆ ಕೇಳುವಂತೆ, ಗುಮಾಸ್ತಪ್ಪ ರುಜು ಇಸ್ಕೊಂಡು ಖಾಲಿ ಕಾಗದ ಕೊಡ್ತಾವ್ನೆ ಎಂದು ಹೇಳಿದಳು. ಕೂಗಲಿಲ್ಲ. ಕೂಗಿದ್ದರೆ ಪರವಾಗಿರಲಿಲ್ಲ.

ಮುನ್ನೂರ ಹನ್ನೊಂದು ಜನ ಎದ್ದು ನಿಂತ ಸದ್ದಿಗೆ ಹುಣಿಸೆಮರದ ಕಾಗೆಗಳು ಹಾರಿದವು. ಸುಬ್ಬಕೃಷ್ಣ ಜಗುಲಿಗೆ ಬಂದು, ಇದು ಕೊಡುವ ಹಣವಲ್ಲ, ಪಂಚಾಯಿತಿ ಇಡೀ ವರ್ಷಕ್ಕೆ ಖರ್ಚು ಮಾಡುವ ಹಣ, ಒಟ್ಟು ಹದಿನೆಂಟು ಸಾವಿರ ಎಂದು ವಿವರಿಸಿದ. ಮೊತ್ತವನ್ನು ಹೇಳಬಾರದಿತ್ತು. ರುಜು ಹಾಕಿ ಕೂತಿದ್ದ ಪ್ರೈಮರಿ ಸ್ಕೂಲಿನ ಮೇಷ್ಟ್ರು ದೊಡ್ಡರಂಗಯ್ಯ ಜೇಬಿನಿಂದ ಸೀಮೆಸುಣ್ಣ ತೆಗೆದು ಆಫೀಸಿನ ಗೋಡೆಯ ಮೇಲೇ ಭಾಗಾಕಾರ ಹಾಕಿದರು. ಹದಿನೆಂಟು ಸಾವಿರ, ಮುನ್ನೂರ ಹನ್ನೆರಡು ತಲೆ. ತಲೆಗೆ ಐವತ್ತೇಳು ರೂಪಾಯಿ ಹನ್ನೊಂದು ಆಣೆ. ನಯಾಪೈಸೆ ಬಂದು ಏಳು ವರ್ಷವಾಗಿದ್ದರೂ ಮೇಷ್ಟ್ರು ಇಂಥ ಗಂಭೀರ ವಿಷಯಗಳಿಗೆ ಆಣೆಯನ್ನೇ ಬಳಸುತ್ತಿದ್ದರು. ಅಲ್ಲಿಯವರೆಗೆ ಜನರಿಗೆ ಮುಂಗಡ ಬರುತ್ತದೆ ಎಂಬ ನಂಬಿಕೆ ಮಾತ್ರ ಇತ್ತು. ಈಗ ಎಷ್ಟು ಎಂಬುದೂ ಆಣೆಯ ಸಮೇತ ತಿಳಿಯಿತು.

ಸುದ್ದಿ ಕೇಳಿ ವೀರಭದ್ರಯ್ಯನವರು ಮಂಡಿಯಿಂದ ಬಂದರು. ರುಜು ಪುಸ್ತಕದ ರಟ್ಟನ್ನು ಓದಿದರು. ಮುಂಗಡ – ರುಜು. ಒಳಗೆ ಮುನ್ನೂರ ಹನ್ನೆರಡು ರುಜು. ಮಂಡಿಯಲ್ಲಿ ಅವರದೇ ಒಂದು ಪುಸ್ತಕ ಇಂಥದ್ದಿತ್ತು. ಅದರ ಅರ್ಥ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಸುಬ್ಬಕೃಷ್ಣನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದರು.

"ಇದನ್ನ ಯಾವನಾದ್ರೂ ಆಡಿಟ್ನೋನು ನೋಡಿದ್ರೆ, ಇಷ್ಟೂ ಜನಕ್ಕೆ ನೀನು ದುಡ್ಡು ಬಟವಾಡೆ ಮಾಡಿದೀಯ ಅಂತಾನೆ ಕಣಯ್ಯ. ಇವ್ರನ್ನ ಕೇಳಿದ್ರೆ ಬಂದಿಲ್ಲ ಅಂತಾರೆ. ಮಧ್ಯದಾಗೆ ಇರೋನು ನೀನೊಬ್ನೇ."

ಖಾಯಂ ಆಗಲು ಹೊರಟ ಸುಬ್ಬಕೃಷ್ಣನಿಗೆ ಈಗ ಇದ್ದ ಹಂಗಾಮಿಯೂ ಅಲುಗಾಡತೊಡಗಿತ್ತು. ಅದಕ್ಕಿಂತ ಭಯಂಕರವಾದ ಇನ್ನೊಂದು ವಿಷಯ ನೆನಪಾಯಿತು. ಮಾವನವರಿಗೆ ಚೀಟಿ ಹೋಗಿಬಿಟ್ಟಿದೆ.

ಚೇರ್ಮನ್ನರು ಜಗುಲಿಗೆ ಹೋಗಿ ಕೈಮುಗಿದು ಜನರನ್ನು ಸಮಾಧಾನಪಡಿಸಿದರು. ನಾಳೆ ತುಮಕೂರಿನಿಂದ ದೊಡ್ಡವರು ಬರುತ್ತಾರೆ, ಏನಿದ್ದರೂ ಅವರ ಕೈಯಲ್ಲೇ ಇಸಿದುಕೊಳ್ಳಿ ಎಂದರು. ಅವರು ಉದ್ದೇಶಿಸಿದ್ದು ಉತ್ತರವನ್ನು. ಜನ ತಿಳಿದುಕೊಂಡದ್ದು ಐವತ್ತೇಳು ರೂಪಾಯಿ ಹನ್ನೊಂದು ಆಣೆಯನ್ನು.

ಮಂಗಳವಾರ ಒಂಬತ್ತರ ಬಸ್ಸು ಹುಣಿಸೆಮರದ ಕೆಳಗೆ ನಿಂತಿತು. ಮೊದಲು ಒಂದು ಛತ್ರಿ ಇಳಿಯಿತು. ಅದರ ಹಿಂದೆ ಕ್ಲೋಸ್ ಕೋಟು, ಜರಿ ರುಮಾಲು, ಚಿನ್ನದ ಕಟ್ಟಿನ ಕನ್ನಡಕ. ಇವುಗಳ ಒಳಗೆ ವೆಂಕಟರಂಗಯ್ಯನವರು. ಅವರ ಹಿಂದೆ ಶಾರದ. ಕೊನೆಗೆ ಬಸ್ಸಿನ ಮೇಲಿನಿಂದ ಇಬ್ಬರು ಹಿಡಿದು ಇಳಿಸಿದ, ಎರಡು ಬೀಗ ಜಡಿದ, ಹಸಿರು ಬಣ್ಣದ ದೊಡ್ಡ ಕಬ್ಬಿಣದ ಟ್ರಂಕು. ತುಮಕೂರು, ದೊಡ್ಡವರು, ಎರಡು ಬೀಗ. ಜನರಿಗೆ ಇನ್ನು ಯಾವ ಪುರಾವೆಯೂ ಬೇಕಾಗಿರಲಿಲ್ಲ.

ನಾಲ್ಕು ಜನ ಟ್ರಂಕಿಗೆ ಹೆಗಲು ಕೊಟ್ಟರು. ವೆಂಕಟರಂಗಯ್ಯನವರಿಗೆ ಯಾರೋ ಚೆಂಡುಹೂವಿನ ಹಾರ ಹಾಕಿದರು. ಅವರು ಮೊದಲು ಗಾಬರಿಯಾದರು, ಆಮೇಲೆ ಹಿಗ್ಗಿದರು. ಶೇಕ್ದಾರರಾಗಿದ್ದಾಗಲೂ ಅವರಿಗೆ ಇಂಥ ಸ್ವಾಗತ ಸಿಕ್ಕಿರಲಿಲ್ಲ. ಅಳಿಯನ ವಿಷಯದಲ್ಲಿ ತಾವು ಸ್ವಲ್ಪ ಕಠಿಣರಾಗಿದ್ದೆವೇನೋ ಎಂದು ಮಗಳ ಕಡೆ ತಿರುಗಿ ಹೇಳಿದರು. ಶಾರದ ಟ್ರಂಕು ಹೊತ್ತವರ ಮುಖ ನೋಡಿದಳು. ಬಸ್ಸಿನಲ್ಲಿ ಗುಬ್ಬಿಯಿಂದ ಈಚೆಗೆ, ಹುಲಿಕಟ್ಟೆಪುರದ ಗುಮಾಸ್ತನೊಬ್ಬ ಮುನ್ನೂರು ಜನರ ಮುಂಗಡ ನುಂಗಿದ ಕಥೆಯನ್ನು ಹಿಂದಿನ ಸೀಟಿನವರಿಂದ ಅವಳು ಕೇಳಿಸಿಕೊಂಡಿದ್ದಳು. ಅಪ್ಪನಿಗೆ ಬಸ್ಸಿನಲ್ಲಿ ನಿದ್ದೆ ಹತ್ತಿದ್ದು ದೇವರ ದಯೆ.

ಟ್ರಂಕನ್ನು ಜಗುಲಿಯ ಮೇಲಿಟ್ಟು ಜನ ಸಾಲು ನಿಂತರು, ನಿನ್ನೆಯ ರುಜುವಿನ ಕ್ರಮದಲ್ಲೇ. ಸುಬ್ಬಕೃಷ್ಣ ಬಾಗಿಲಲ್ಲಿ ನಿಂತು ಮಾವನನ್ನೂ ಟ್ರಂಕನ್ನೂ ಸಾಲನ್ನೂ ನೋಡಿದ. ಬಾಯಿಂದ ಯಾವ ಕನ್ನಡವೂ ಹೊರಡಲಿಲ್ಲ. ಲಕ್ಷ್ಮೀದೇವಮ್ಮ ಮುಂದೆ ಬಂದು ಬೀಗ ತೆಗೀರಿ ಸ್ವಾಮಿ ಎಂದಳು. ಮಗಳ ಸಂಸಾರದ ಸಾಮಾನನ್ನು ಊರಿಗೆ ತೋರಿಸುವುದು ಈ ಕಡೆಯ ಪದ್ಧತಿಯಿರಬೇಕೆಂದು ತಿಳಿದ ವೆಂಕಟರಂಗಯ್ಯನವರು ಜನಿವಾರಕ್ಕೆ ಕಟ್ಟಿದ್ದ ಬೀಗದಕೈಗಳನ್ನು ಬಿಚ್ಚಿ ಕೊಟ್ಟರು.

ಮುಚ್ಚಳ ತೆರೆಯಿತು. ಎರಡು ಹಿತ್ತಾಳೆ ತಪ್ಪಲೆ, ಒಂದು ಒಬ್ಬಟ್ಟಿನ ಲಟ್ಟಣಿಗೆ, ಮಾವಿನಮಿಡಿ ಉಪ್ಪಿನಕಾಯಿಯ ಜಾಡಿ, ಆರು ಸೀರೆ, ಒಂದು ಡಬ್ಬದ ತುಂಬ ಚಕ್ಕುಲಿ. ಲಕ್ಷ್ಮೀದೇವಮ್ಮ ತಪ್ಪಲೆಗಳ ಒಳಗೂ ಕೈಯಾಡಿಸಿದಳು. ಕೊನೆಗೆ ಆಕೆ ಒಂದು ಚಕ್ಕುಲಿ ತೆಗೆದು ಮುರಿದು ಬಾಯಿಗೆ ಹಾಕಿಕೊಂಡು, ಮುಂಗಡ ಅಂತ ಇದಾದ್ರೂ ಇರಲಿ ಎಂದಳು. ಡಬ್ಬ ಸಾಲಿನುದ್ದಕ್ಕೂ ಕೈಯಿಂದ ಕೈಗೆ ಹೋಯಿತು. ಅರ್ಧ ಸಾಲಿಗೆ ಮುಗಿಯಿತು. ಮಿಕ್ಕರ್ಧ ಸಾಲಿನವರ ಸಿಟ್ಟು ಈಗ ಎರಡು ಪಟ್ಟಾಯಿತು. ಮುಂಗಡವೂ ಇಲ್ಲ, ಚಕ್ಕುಲಿಯೂ ಇಲ್ಲ.

ನಿಜ ಸಂಗತಿ ವೆಂಕಟರಂಗಯ್ಯನವರ ಕಿವಿಗೆ ಬಿದ್ದದ್ದು ಆಗ. ಅವರು ಹಾರವನ್ನು ತೆಗೆದು ಟ್ರಂಕಿನ ಮೇಲಿಟ್ಟರು.

"ಶಾರದ, ಹತ್ತೂವರೆಗೆ ಬಸ್ಸಿದೆ. ಸೀರೆ ಮಡಿಸು. ಮುನ್ನೂರು ಜನ ಬೆನ್ನು ಹತ್ತಿರೋ ಗುಮಾಸ್ತನ ಮನೇಲಿ ನನ್ನ ಮಗಳು ಇರೋದಿಲ್ಲ."

ಸುಬ್ಬಕೃಷ್ಣ ಏನೋ ಹೇಳಲು ಹೋದ. ಮುಂಗಡ ಪತ್ರ ಎಂದರೆ ಆಯವ್ಯಯ, ಆಯವ್ಯಯ ಎಂದರೆ ಬಜೆಟ್ಟು ಎಂದು ತೊದಲಿದ. ಸಾಲಿನಿಂದ ಯಾರೋ, ಈಗ ಮೂರು ಮುಂಗಡ ಆಯ್ತು ನೋಡ್ರಲಾ ಎಂದರು. ಶಾರದ ಸೀರೆ ಮಡಿಸಲಿಲ್ಲ. ಗಂಡನ ಕೈಯಿಂದ ಆ ಮೂರು ಹಾಳೆಗಳನ್ನು ತೆಗೆದುಕೊಂಡು, ಮೇಲಿಂದ ಕೆಳಗೆ ಒಮ್ಮೆ ಕಣ್ಣಾಡಿಸಿದಳು. ಅವಳು ಎಸ್ಸೆಸ್ಸೆಲ್ಸಿ ಪಾಸಾಗಿ ಮೂರು ವರ್ಷದಿಂದ ಅಪ್ಪನ ಪಿಂಚಣಿಯಲ್ಲಿ ಮನೆ ನಡೆಸಿದವಳು.

"ಅಜ್ಜಿ, ನೀವು ಸಂತೆಗೆ ಹೋಗೋಕೆ ಮುಂಚೆ ಏನ್ಮಾಡ್ತೀರಿ?" ಎಂದು ಲಕ್ಷ್ಮೀದೇವಮ್ಮನನ್ನು ಕೇಳಿದಳು.

"ಏನ್ಮಾಡೋದವ್ವ. ಕೈಲಿ ಎಷ್ಟೈತೆ, ಅಕ್ಕಿಗೆಷ್ಟು, ಉದ್ದಿಗೆಷ್ಟು ಅಂತ ಚೀಟಿ ಬರೆಸ್ಕೊಂಡು ಹೋಯ್ತೀನಿ."

"ಇದೂ ಅದೇ. ಇದು ನಿಮ್ಮೂರಿನ ಸಂತೆ ಚೀಟಿ. ನೀವು ಕಟ್ಟಿದ ಕಂದಾಯ ಇಷ್ಟು, ಅದರಲ್ಲಿ ಏನೇನು ತರೋದು ಅಂತ ಬರೆದಿದೆ. ಹೋದ ವರ್ಷ ಏನು ತಂದ್ರು ಅಂತಾನೂ ಇದೆ."

ಬಹುಮಾನ ಪಡೆದ ಕನ್ನಡ ಮೂರು ದಿನ ಹುಡುಕಿದ್ದನ್ನು ಆ ಹುಡುಗಿ ಬಸ್ಸಿನ ಧೂಳು ಕೊಡವಿಕೊಳ್ಳುವ ಮೊದಲೇ ಹೇಳಿದ್ದಳು. ಲಕ್ಷ್ಮೀದೇವಮ್ಮ ಸ್ವಲ್ಪ ಯೋಚಿಸಿ, ಚೀಟಿ ಅಂದ ಮೇಲೆ ದುಡ್ಡು ಯಾರೋ ಎತ್ತಿರಬೇಕಲ್ಲ, ಯಾರು ಎತ್ತಿದ್ದು ಎಂದು ಕೇಳಿದಳು.

"ಓದ್ತೀನಿ. ನೀವೇ ಹೇಳಿ" ಎಂದು ಶಾರದ ಟ್ರಂಕಿನ ಮೇಲೆ ಕೂತಳು.

"ಬೀದಿದೀಪ ನಲವತ್ತು. ಸೀಮೆಎಣ್ಣೆಗೆ, ಹೋದ ವರ್ಷ, ಸಾವಿರದ ನಾನೂರ ನಲವತ್ತು ರೂಪಾಯಿ."

ಸಾಲು ಚದುರಿ ಗುಂಪಾಯಿತು. ಜನ ಬೆರಳು ಮಡಿಸತೊಡಗಿದರು. ದೇವಸ್ಥಾನದ ಹತ್ತಿರ ಎರಡು, ಮಂಡಿಯ ಮುಂದೆ ನಾಲ್ಕು, ಬಸ್ಸಿನ ಹತ್ತಿರ ಒಂದು. ಮೇಷ್ಟ್ರು ಗೋಡೆಯ ಮೇಲೆ ಗೀಟು ಹಾಕುತ್ತ ಹೋದರು. ಹನ್ನೊಂದಕ್ಕೆ ನಿಂತಿತು. ಚೇರ್ಮನ್ನರು ಬಂದವರು ಮೆಟ್ಟಿಲ ಮೇಲೇ ನಿಂತಿದ್ದರು. ಮಿಕ್ಕ ಇಪ್ಪತ್ತೊಂಬತ್ತು ದೀಪ ರಿಪೇರಿಗೆ ಹೋಗಿವೆ ಎಂದರು.

"ಕಂಬಾನೂ ರಿಪೇರಿಗೆ ಹೋಗವೋ ಅಯ್ಯಾ?" ಎಂದಳು ಲಕ್ಷ್ಮೀದೇವಮ್ಮ.

ಶಾರದ ಮುಂದಿನ ಸಾಲಿಗೆ ಹೋದಳು. ಹಳೇ ಸಂತೆ ಬಾವಿಯ ಹೂಳು ತೆಗೆಸಿದ್ದು, ಆರುನೂರು. ಆ ಬಾವಿಯನ್ನು ಮುಚ್ಚಿ ಅದರ ಮೇಲೆ ವೀರಭದ್ರಯ್ಯನವರ ಮಂಡಿಯ ಉಗ್ರಾಣ ಎದ್ದು ಎಂಟು ವರ್ಷವಾಗಿತ್ತು. ಹೂಳನ್ನು ಯಾವ ಕಡೆಯಿಂದ ತೆಗೆದರು ಎಂಬ ವಿಷಯದಲ್ಲಿ ಅಭಿಪ್ರಾಯಭೇದ ಹುಟ್ಟಿತು. ನಿನ್ನೆ ಇಡೀ ದಿನ ಒಂದು ಪ್ರಶ್ನೆಯನ್ನೂ ಕೇಳದ ಜನ ಈಗ ಒಬ್ಬರ ಮೇಲೊಬ್ಬರು ಬಿದ್ದು ಕೇಳಿದರು. ಐವತ್ತೇಳು ರೂಪಾಯಿ ಹನ್ನೊಂದು ಆಣೆ ಗೋಡೆಯ ಮೇಲೆ ಹಾಗೇ ಇತ್ತು. ಅದರ ಕಡೆ ಯಾರೂ ನೋಡಲಿಲ್ಲ.

"ಡಂಗುರ ಸಾರುವವನ ಸಂಬಳ, ವರ್ಷಕ್ಕೆ ಅರವತ್ತು."

ಗುಂಪಿನ ಅಂಚಿನಲ್ಲಿ ನಿಂತಿದ್ದ ಯಲ್ಲಯ್ಯ ತಮಟೆಯನ್ನು ನೆಲಕ್ಕೆ ಇಟ್ಟ.

"ತಾಯಿ, ಆ ಸಾಲು ಇನ್ನೊಂದ್ಸಲ ಓದಿ."

ಅವಳು ಓದಿದಳು.

"ಇನ್ನೊಂದ್ಸಲ."

ಮತ್ತೆ ಓದಿದಳು. ಯಲ್ಲಯ್ಯನಿಗೆ ತಿಂಗಳಿಗೆ ಎರಡು ರೂಪಾಯಿ ಬರುತ್ತಿತ್ತು. ಹದಿನಾಲ್ಕು ವರ್ಷದಿಂದ ಊರಿಗೆಲ್ಲ ಸರ್ಕಾರದ ಮಾತನ್ನು ಮುಟ್ಟಿಸಿದವ ಅವನು. ತನ್ನ ವಿಷಯದ ಮಾತು ತನಗೆ ಮುಟ್ಟಿದ್ದು ಅಂದೇ ಮೊದಲು. ಅವನು ಚೇರ್ಮನ್ನರ ಕಡೆ ನೋಡಲಿಲ್ಲ, ಜಗಳವಾಡಲಿಲ್ಲ. ಲಕ್ಷ್ಮೀದೇವಮ್ಮನ ಅಂಗಡಿಯ ಒಲೆಯ ಮುಂದೆ ಕೂತು ತಮಟೆಯ ಚರ್ಮವನ್ನು ಕಾಯಿಸಿಕೊಂಡು, ಮೊದಲ ಬೀದಿಯಿಂದ ಹಿಡಿದು ಕೊನೆಯ ಕೇರಿಯವರೆಗೆ ಆ ಸಾಲನ್ನು ಸಾರಿಕೊಂಡು ಬಂದ. ಈ ಸಲ ಗಂಟಲು ಒಣಗಲಿಲ್ಲ. ಒಂದು ಮಾತೂ ಬಿದ್ದುಹೋಗಲಿಲ್ಲ.

ಸಾಹೇಬರ ಜೀಪು ಬಂದದ್ದು ಈ ತಮಟೆಯ ಸದ್ದಿನ ನಡುವೆ. ಸೊರಗಿದ ಮುಖದ, ಇನ್ನೆರಡು ವರ್ಷಕ್ಕೆ ನಿವೃತ್ತರಾಗುವ ಮನುಷ್ಯ. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಅವರು ಬಜೆಟ್ಟು ನೋಡಲು ಬಂದ ಸಾರ್ವಜನಿಕರನ್ನು ಕಂಡವರಲ್ಲ. ಜಿಲ್ಲೆಯಲ್ಲಿ ಅಲ್ಲಿಯವರೆಗಿನ ಅತಿ ಹೆಚ್ಚಿನ ರುಜು ನಾಲ್ಕು. ಅದರಲ್ಲಿ ಎರಡು ಆಫೀಸಿನ ಜವಾನರವು. ಇಲ್ಲಿ ಮುನ್ನೂರು ಜನ ಒಂದು ಟ್ರಂಕಿನ ಸುತ್ತ ನಿಂತು ಪುಟ ಎರಡು, ಬಾಬು ಏಳರ ಮೇಲೆ ಚರ್ಚೆ ನಡೆಸುತ್ತಿದ್ದರು. ಅವರು ರುಜು ಪುಸ್ತಕ ತಿರುವಿದರು. ಕನ್ನಡಕ ಒರೆಸಿ ಮತ್ತೆ ತಿರುವಿದರು. ಫಾರಮ್ಮಿನಲ್ಲಿ 'ಸಾರ್ವಜನಿಕರ ಆಕ್ಷೇಪಣೆಗಳು' ಎಂಬ ಕಾಲಮ್ಮಿನ ಎದುರಿಗೆ ಅವರು ಇಷ್ಟು ವರ್ಷ 'ಇಲ್ಲ' ಎಂದೇ ಬರೆದಿದ್ದರು. ಅಂದು ಸಂಜೆಯವರೆಗೆ ಬರೆದು, ಏಳು ಹೆಚ್ಚುವರಿ ಹಾಳೆ ಲಗತ್ತಿಸಿದರು. ಬರೆಯುತ್ತ ಬರೆಯುತ್ತ ಅವರ ಮುಖದ ಸೊರಗು ಇಳಿಯಿತು.

ಹತ್ತೂವರೆಯ ಬಸ್ಸು ಹೋಗಿತ್ತು. ವೆಂಕಟರಂಗಯ್ಯನವರು ನಾಲ್ಕರ ಬಸ್ಸಿಗೆ ಛತ್ರಿ ಹಿಡಿದು ಎದ್ದು, ಮಗಳನ್ನು ಕರೆದರು. ಚಕ್ಕುಲಿ ಹೋಗಿದೆ, ಉಪ್ಪಿನಕಾಯಿ ಜಾಡಿ ಅರ್ಧವಾಗಿದೆ, ಖಾಲಿ ಟ್ರಂಕು ಹೊತ್ತುಕೊಂಡು ಶಿರಾ ಗೇಟಿನಲ್ಲಿ ಇಳಿದರೆ ಜನ ಏನೆಂದಾರು ಎಂದು ಶಾರದ ಕೇಳಿದಳು. ಆಮೇಲೆ ಗಂಡನ ಕಡೆ ನೋಡದೆ ಒಂದು ಮಾತು ಸೇರಿಸಿದಳು.

"ಇನ್ನೂ ಮೂರನೇ ಹಾಳೆ ಓದಿಲ್ಲಪ್ಪ. ಜನ ಕಾಯ್ತಾ ಇದಾರೆ."

ಸುಬ್ಬಕೃಷ್ಣನ ಖಾಯಂ ಆದೇಶ ಎರಡು ತಿಂಗಳಿಗೆ ಬಂತು. 'ಸಾರ್ವಜನಿಕರಲ್ಲಿ ಆಸಕ್ತಿ ಕೆರಳಿಸುವ ಅಸಾಧಾರಣ ಸಾಮರ್ಥ್ಯ' ಎಂದು ಅದರಲ್ಲಿತ್ತು. ಗೌರಿ ಹಬ್ಬಕ್ಕೆ ಮಾವನ ಮನೆಯಲ್ಲಿ ಅವನಿಗೆ ಮಣೆ ಹಾಕಿದರು. ಇಪ್ಪತ್ತೊಂಬತ್ತು ದೀಪಗಳು ಕಂಬಗಳ ಸಮೇತ ಒಂದೊಂದಾಗಿ ರಿಪೇರಿಯಿಂದ ವಾಪಸು ಬಂದವು. ಯಲ್ಲಯ್ಯನಿಗೆ ತಿಂಗಳಿಗೆ ಐದು ರೂಪಾಯಿ ಆಯಿತು. ಬಾವಿ ಮಾತ್ರ ಉಗ್ರಾಣದ ಕೆಳಗೇ ಉಳಿಯಿತು.

ಮರುವರ್ಷದ ಫೆಬ್ರವರಿಯಲ್ಲಿ ವೀರಭದ್ರಯ್ಯನವರು ಸುಬ್ಬಕೃಷ್ಣನ ಮೇಜಿನ ಬಳಿ ಬಂದು ನಿಂತರು. ಜನರಿಗೆ ಸುಲಭವಾದ ಮಾತೇ ಊರು ಕೆಡಿಸಿದ್ದೆಂದು ಅವರು ವರ್ಷವಿಡೀ ಯೋಚಿಸಿ ತೀರ್ಮಾನಿಸಿದ್ದರು. ಮುಂಗಡ ಪತ್ರ ಎನ್ನುವ ಹಾಗಿಲ್ಲ, ಸಂತೆ ಚೀಟಿ ಎನ್ನುವ ಹಾಗಿಲ್ಲ. 'ಆಯವ್ಯಯ' ಎಂದೇ ಡಂಗುರ ಸಾರತಕ್ಕದ್ದು, ಅದಕ್ಕೆ ಒಂದು ಅಕ್ಷರ ಹೆಚ್ಚಾಗಕೂಡದು ಎಂದರು. ಸುಬ್ಬಕೃಷ್ಣ ವಿಧೇಯನಾಗಿ ಬರೆದುಕೊಟ್ಟ. ಯಲ್ಲಯ್ಯ ಅದನ್ನು ಮೇಷ್ಟ್ರಿಂದ ಓದಿಸಿಕೊಂಡು, ಬಾಯಿಪಾಠ ಮಾಡಿ ಹೊರಟ.

ಮಂಡಿಯ ಮುಂದೆ ಕೂತಿದ್ದ ಚೇರ್ಮನ್ನರಿಗೆ ಮೊದಲ ಬೀದಿಯಿಂದ ದನಿ ಸ್ಪಷ್ಟವಾಗಿ ಕೇಳಿಸಿತು: "ಪಂಚಾಯ್ತಿಯ ಆಯವ್ಯಯವನ್ನು ಸಾರ್ವಜನಿಕರ ಅವಲೋಕನಕ್ಕೆ ಇಡಲಾಗಿದೆಯಪ್ಪೋ." ಒಂದು ಅಕ್ಷರ ತಪ್ಪಿರಲಿಲ್ಲ. ಅವರು ನೆಮ್ಮದಿಯಿಂದ ಎಲೆಅಡಿಕೆ ಬಾಯಿಗೆ ಹಾಕಿಕೊಂಡರು. ಇಡ್ಲಿ ಅಂಗಡಿಯ ಕಡೆಯಿಂದ ಲಕ್ಷ್ಮೀದೇವಮ್ಮನ ದನಿ ಬಂತು. ಯಾರ ರಾಶಿದ್ದು ಓದ್ತಾರಂತೆ ಯಲ್ಲಯ್ಯಾ ಎಂದು ಆಕೆ ಕೇಳುತ್ತಿದ್ದಳು.

ತಮಟೆ ಒಂದು ಗಳಿಗೆ ನಿಂತಿತು.

"ಚೇರ್ಮನ್ನರ ರಾಶಿದು ಕಣವ್ವೋ" ಎಂದ ಯಲ್ಲಯ್ಯ. "ಹೋದ ಸಲ ಅರ್ಧಕ್ಕೆ ನಿಂತಿತ್ತಲ್ಲ, ಬಾವಿದು. ಅಲ್ಲಿಂದ ಸುರು."